ಸೂಜಿ ಎತ್ತಿದ ಮೇಲಿನ ಸದ್ದು

ಎಲ್‌ಪಿಯ ರೆಕಾರ್ಡಿಂಗಿನೊಳಗೆ ಯಾರೋ ಸೂಜಿ ಎತ್ತಿದ್ದು ಟಕ್ಕೆಂದು ಕೇಳಿಸಿತು. ಗಿಟಾರ್ ನಿಂತಿತು, ಹಳೆಯ ಪ್ಲೇಟಿನ ಗರಗರವೂ ನಿಂತಿತು. ಆದರೆ ಅವೆರಡರ ಹಿಂದೆ ಇನ್ನೊಂದು ಸದ್ದಿತ್ತು. ಅದು ನಿಲ್ಲಲಿಲ್ಲ. ಎರಡು ಮೂರು ಕ್ಷಣ ಹಾಗೇ ಮುಂದುವರಿದು, ಆಮೇಲೆ ಕತ್ತರಿಸಿ ತೆಗೆದ ಹಾಗೆ ಇಲ್ಲವಾಯಿತು.

“ಸಾರ್, ಅದೇ ಜಾಗ ಇನ್ನೊಂದು ಸಲ ಹಾಕಿ,” ಎಂದೆ.

“ಐದನೇ ಸಲ ಕಣಮ್ಮಾ ಇದು,” ಎಂದರು ಚನ್ನರಾಯಪ್ಪ. ಗೊಣಗಿಕೊಂಡೇ ಎದ್ದರು. ಸಿಗರೇಟನ್ನು ಬೂದಿ ಬಟ್ಟಲಿನ ಅಂಚಿಗಿಟ್ಟು, ಪ್ಲೇಯರಿನ ಕೈಯನ್ನು ಎರಡು ಬೆರಳಲ್ಲಿ ಹಿಡಿದು, ಮೂರನೇ ಹಾಡು ಮುಗಿಯುವ ಜಾಗಕ್ಕೆ ಕರಾರುವಾಕ್ಕಾಗಿ ಇಳಿಸಿದರು. ತನ್ನ ಪ್ಲೇಟುಗಳನ್ನು ಕದ್ದನೆಂದು ತಾನೇ ದೂರು ಕೊಟ್ಟು ಜೈಲಿಗೆ ಕಳಿಸಿದವನ ವಕೀಲರ ಕಡೆಯವಳಿಗೆ ಯಾರಾದರೂ ಇಷ್ಟು ಉಪಚಾರ ಮಾಡುತ್ತಾರೆಯೇ? ಇವರು ಮಾಡುತ್ತಾರೆ. ಕೂತು ಕೇಳುವ ಒಂದು ಜೊತೆ ಕಿವಿ ಸಿಕ್ಕರೆ ಸಾಕು, ಶತ್ರುವಿಗೂ ಕಾಫಿ ತರಿಸುವ ಸ್ವಭಾವ ಅವರದು.

ಮತ್ತೆ ಟಕ್. ಮತ್ತೆ ಆ ಸದ್ದು.

ನಾನು ಕೋಲಾರದ ವಕೀಲ ನರಸಿಂಹಪ್ಪನವರ ಕಚೇರಿಯ ಟೈಪಿಸ್ಟ್ ಶ್ಯಾಮಲಮ್ಮ. ಟೈಪು ಮಾಡುವುದಕ್ಕೆ ಸಂಬಳ, ಊರೂರು ಸುತ್ತಿ ಮೂಗು ತೂರಿಸುವುದು ಬಿಟ್ಟಿ. ಮುಳಬಾಗಿಲಿನ ರೇಡಿಯೋ ರಿಪೇರಿ ಸೊಣ್ಣಪ್ಪ ನಮ್ಮ ಕಕ್ಷಿದಾರ. ಚನ್ನರಾಯಪ್ಪನವರ ಟ್ರಂಕಿನಿಂದ ನಾಲ್ಕು ಗ್ರಾಮಫೋನ್ ಪ್ಲೇಟು ಕದ್ದನೆಂದು ಹತ್ತೊಂಬತ್ತು ದಿನದಿಂದ ಜೈಲಿನಲ್ಲಿದ್ದಾನೆ. ಸೋಮವಾರ ಜಾಮೀನಿನ ವಿಚಾರಣೆ. ಇವತ್ತು ಶನಿವಾರ.

ಜೈಲಿಗಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಮನೆಮನೆಯ ಒಳಗೆ ಹೋಗಿ ರಿಪೇರಿ ಮಾಡುವವನಿಗೆ ಕಳ್ಳ ಎಂಬ ಹೆಸರು ಬಂದರೆ ಮುಗಿಯಿತು. ಅವನ ಹೆಂಡತಿ ಆದಿಲಕ್ಷ್ಮಿ ದಿನಾ ಬಸ್ಸು ಹತ್ತಿ ನಮ್ಮ ಕಚೇರಿಗೆ ಬಂದು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಳು. “ರಿಪೇರಿಗೆ ಕೊಟ್ಟಿದ್ದ ರೇಡಿಯೋಗಳ್ನೆಲ್ಲ ವಾಪಸ್ ತಗೊಂಡೋಗ್ತಾವ್ರೆ ಅಕ್ಕಾ. ಬಿಚ್ಚಿ ಹಾಕಿರೋದನ್ನೂ ಹಂಗಂಗೇ ಚೀಲಕ್ಕೆ ತುಂಬ್ಕೊಂಡು ಹೋಗ್ತಾವ್ರೆ,” ಎಂದು ನಿನ್ನೆ ಹೇಳಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಕೋಪ ಬರುತ್ತಿರಲಿಲ್ಲವೇನೋ.

ಸೊಣ್ಣಪ್ಪ ಜೈಲಿನ ಕಂಬಿಯಾಚೆ ನಿಂತು ನನಗೆ ಹೇಳಿದ್ದು ಎರಡೇ ಮಾತು. “ಆ ಪ್ಲೇಟು ನಾನು ಕೈಯಲ್ಲಿ ಮುಟ್ಟಿಲ್ಲ ಅಕ್ಕಾ. ಗ್ರಾಮಫೋನ್ ಮಿಷನ್ನಿಗೆ ಸ್ಪ್ರಿಂಗ್ ಹಾಕ್ದೆ, ಬಂದೆ.” ನಾನು ನಂಬಿದೆ. ಹದಿನಾಲ್ಕು ವರ್ಷದಿಂದ ಸುಳ್ಳು ಹೇಳುವವರ ಹೇಳಿಕೆ ಟೈಪು ಮಾಡಿದ ಕೈ ನನ್ನದು. ನಿಜ ಹೇಳುವವನ ದನಿ ನನಗೆ ಗೊತ್ತಾಗುತ್ತದೆ.

“ಏನು ಹುಡುಕ್ತಿದ್ದೀಯಮ್ಮಾ ಅದರಲ್ಲಿ?” ಎಂದರು ಚನ್ನರಾಯಪ್ಪ.

“ಮೊದಲು ನೀವು ಹೇಳಿ ಸಾರ್. ಈ ಹೊಸ ಎಲ್‌ಪಿ ನಿಮ್ಮ ಪ್ಲೇಟಿನಿಂದಲೇ ಮಾಡಿದ್ದು ಅಂತ ಕೋರ್ಟಿನಲ್ಲಿ ಹೇಗೆ ಹೇಳ್ತೀರಿ?”

ಇದೇ ಪ್ರಶ್ನೆಗಾಗಿ ಕಾದವರಂತೆ ಅವರು ಕುರ್ಚಿಯ ತುದಿಗೆ ಸರಿದರು.

ಅವರು ಕೋಲಾರದ ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದವರು. ಪ್ರಾಯದಲ್ಲಿ ಒಬ್ಬ ಇಂಗ್ಲಿಷ್ ಎಂಜಿನಿಯರರ ಬಂಗಲೆಗೆ ಫೈಲು ಹೊತ್ತುಕೊಂಡು ಹೋಗುತ್ತಿದ್ದರು. ಆ ಎಂಜಿನಿಯರರ ಹೆಂಡತಿ ಸ್ಪೇನಿನವಳು. ಮನೆಯೊಳಗೆ ಅವಳು ತನ್ನ ಊರಿನ ಗಿಟಾರ್ ಹಾಕಿಕೊಂಡು ಕೂತರೆ, ಈ ಗುಮಾಸ್ತ ಫೈಲು ಕೊಟ್ಟ ಮೇಲೂ ಜಗುಲಿ ಬಿಟ್ಟು ಕದಲುತ್ತಿರಲಿಲ್ಲ. ಗಂಡ ಹೆಂಡತಿ ದೇಶ ಬಿಟ್ಟು ಹೊರಟಾಗ ಅವಳು ಪ್ಲೇಟುಗಳ ಟ್ರಂಕನ್ನೇ ಇವರಿಗೆ ಕೊಟ್ಟುಬಿಟ್ಟಳು. ಅದರಲ್ಲಿ ಅನ್ಸೆಲ್ಮೊ ಎಂಬಾತ ಸಾವಿರದ ಒಂಬೈನೂರ ಇಪ್ಪತ್ತೊಂಬತ್ತರಲ್ಲಿ ನುಡಿಸಿದ ನಾಲ್ಕು ಪ್ಲೇಟುಗಳಿದ್ದವು. ಒಟ್ಟು ಎಂಟು ಮುಖ. ಮೂಲ ಅಚ್ಚುಗಳು ಕಂಪನಿಯ ಗೋದಾಮಿನ ಬೆಂಕಿಯಲ್ಲಿ ಹೋದವಂತೆ. ಬೇರೆ ಯಾರ ಬಳಿಯೂ ಇದ್ದದ್ದು ಗೊತ್ತಿಲ್ಲ. ಲೋಕದ ಪಾಲಿಗೆ ಆ ಗಿಟಾರ್ ಉಳಿದದ್ದು ವಕ್ಕಲೇರಿಯ ಈ ಮನೆಯಲ್ಲಿ ಮಾತ್ರ.

ಇವರು ಅದನ್ನು ವರ್ಷಕ್ಕೊಮ್ಮೆ ಕೇಳುತ್ತಿದ್ದರು. ಆಯುಧಪೂಜೆಯ ದಿನ ಟ್ರಂಕಿಗೆ ಕುಂಕುಮ ಇಟ್ಟು, ಬೀಗ ತೆಗೆದು, ಎಂಟು ಮುಖವನ್ನೂ ಒಂದೊಂದು ಸಲ ಹಾಕಿ, ಮತ್ತೆ ಬೀಗ. ಬಾಕಿ ದಿನ ಮುಟ್ಟುವಂತಿಲ್ಲ. ಪ್ರತಿ ಸಲ ಸೂಜಿ ಓಡಿದರೂ ಅಷ್ಟು ಸವೆಯುತ್ತದೆಂಬ ಭಯ. ಹೋದ ವರ್ಷದ ಆಯುಧಪೂಜೆಯ ದಿನ ಬೀಗ ತೆಗೆದರೆ ಆ ನಾಲ್ಕು ಮಾತ್ರ ಇರಲಿಲ್ಲ. ಈ ಜನವರಿಯಲ್ಲಿ ಸ್ಪೇನಿನ ಒಂದು ಕಂಪನಿಯಿಂದ ಪಾರ್ಸೆಲ್ ಬಂತು. ಒಳಗೆ ಒಂದೇ ಎಲ್‌ಪಿಯ ಎರಡು ಪ್ರತಿ, ಜೊತೆಗೆ ಒಂದು ಕಾಗದ. ನೀವು ಕಳಿಸಿದ ಟೇಪಿಗೆ ಅನಂತ ಧನ್ಯವಾದ ಎಂದು. ಟೇಪು ಕಳಿಸಿದ್ದು ಇವರಲ್ಲ. ಒಂದು ಎಲ್‌ಪಿ ಪೊಲೀಸರ ಕೈ ಸೇರಿತು, ಸೊಣ್ಣಪ್ಪ ಜೈಲು ಸೇರಿದ.

“ಮೂರನೇ ಹಾಡಿನಲ್ಲಿ ಸುತ್ತಿಗೊಂದು ಸಲ ಟಿಕ್ ಅಂತ ಬರುತ್ತಲ್ಲ, ಅದು ನನ್ನ ಪ್ಲೇಟಿನ ಬಿರುಕು,” ಎಂದರು. “ನನ್ನ ಕೈಯಿಂದಲೇ ಬಿದ್ದು ಆದದ್ದು. ಆ ಕಂಪನಿಯೋರು ಗರಗರವನ್ನ ಮುಕ್ಕಾಲುಪಾಲು ತೊಳೆದು ಇಸ್ತ್ರಿ ಮಾಡಿದ್ದಾರೆ. ಹಳೇ ಪ್ಲೇಟಿನಲ್ಲಿ ಹೆಬ್ಬೆರಳು ತಂತಿಗೆ ಬಿದ್ದರೆ ಎದೆಗೆ ಬಡಿಯೋದು, ಇದರಲ್ಲಿ ಅದೂ ಹೋಗಿದೆ. ಆದರೂ ಆ ಬಿರುಕನ್ನ ತೆಗೆಯೋಕೆ ಆಗಿಲ್ಲ ನೋಡು.”

“ಸೊಣ್ಣಪ್ಪನೇ ಟೇಪ್ ಮಾಡಿದ್ದು ಅಂತ?”

“ಅದಕ್ಕೂ ಇದರಲ್ಲೇ ಸಾಕ್ಷಿ ಇದೆ. ನನ್ನ ಮಿಷನ್ನಿನ ಹಳೇ ಸ್ಪ್ರಿಂಗ್ ಸೋತಿತ್ತು. ಪ್ಲೇಟು ಕೊನೆಗೆ ಬರೋ ಹೊತ್ತಿಗೆ ವೇಗ ಇಳಿದು ಶ್ರುತಿಯೂ ಇಳಿಯೋದು. ಈ ಎಲ್‌ಪಿಯಲ್ಲಿ ಎಂಟು ಹಾಡಿನಲ್ಲೂ ಶ್ರುತಿ ಇಳಿದಿಲ್ಲ. ಅಂದರೆ ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಮಾಡಿದ್ದು. ಹಾಕಿದ್ದು ಯಾರು? ಹೋದ ಯುಗಾದಿ ಆದ ವಾರಕ್ಕೆ ಇಲ್ಲಿಗೇ ಬಂದು ಹಾಕಿಕೊಟ್ಟೋನು ಅವನೇ. ನನ್ನ ಪ್ಲೇಟಿನ ಕಾಗದದ ಲಕೋಟೆ ಸಿಕ್ಕಿದ್ದು ಎಲ್ಲಿ? ಅವನ ಅಂಗಡೀಲಿ.”

“ಹಳೇ ಸ್ಪ್ರಿಂಗನ್ನ ಅದರಲ್ಲಿ ಸುತ್ತಿಕೊಂಡು ಬಂದೆ ಅಂತಾನೆ.”

“ಅಂತಾನೆ,” ಎಂದರು ಅವರು. ಆ ಒಂದು ಮಾತಿನಲ್ಲಿ ಸೊಣ್ಣಪ್ಪನಿಗೆ ಶಿಕ್ಷೆಯೂ ಆಗಿಹೋಗಿತ್ತು. ಆಮೇಲೆ ಸ್ವಲ್ಪ ಮೆತ್ತಗಾದರು. “ನನಗೆ ಅವನ ಮೇಲೆ ದ್ವೇಷ ಇಲ್ಲಮ್ಮಾ. ಪ್ಲೇಟು ಎಲ್ಲಿಟ್ಟಿದ್ದಾನೆ ಅಂತ ಹೇಳಲಿ. ಕೇಸು ಬೇಡ ಅಂತ ನಾನೇ ಜಡ್ಜಿಗೆ ಕೈ ಮುಗೀತೀನಿ.” ಅವರ ಕಣ್ಣು ಖಾಲಿ ಟ್ರಂಕಿದ್ದ ಒಳಕೋಣೆಯ ಕಡೆ ಹೋಯಿತು. ಅದರಲ್ಲಿ ಇನ್ನೂ ಐವತ್ತು ಪ್ಲೇಟುಗಳಿದ್ದವು. ಅವರ ಪಾಲಿಗೆ ಅದು ಖಾಲಿಯೇ. ನನಗೆ ಪಾಪ ಎನಿಸಿತು, ಹಾಗೆ ಅನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟೂ ಬಂತು.

“ಸಾರ್, ಸೂಜಿ ಎತ್ತಿದ ಮೇಲೆ ಒಂದು ಸದ್ದು ಉಳಿಯುತ್ತಲ್ಲ, ಅದೇನು?”

“ಅದಾ? ಪ್ಲೇಟಿನ ಸವಕಲು ಸದ್ದು.”

“ಸೂಜಿ ಪ್ಲೇಟಿನ ಮೇಲೆ ಇಲ್ಲವಲ್ಲ ಸಾರ್ ಆಗ.”

ಲೋಕದಲ್ಲಿ ಉಳಿದ ಏಕೈಕ ಅನ್ಸೆಲ್ಮೊನ ಒಡೆಯ, ಶ್ರುತಿ ಕೂದಲೆಳೆಯಷ್ಟು ಇಳಿದರೂ ಹಿಡಿಯುವವರು, ಇದನ್ನು ಯೋಚಿಸಿಯೇ ಇರಲಿಲ್ಲ. “ಟೇಪಿನದ್ದಿರಬೇಕು,” ಎಂದರು.

“ಟೇಪಿನದ್ದಾದರೆ ಹಾಡಿನುದ್ದಕ್ಕೂ ಒಂದೇ ಸಮ ಇರಬೇಕು. ಇದು ಹತ್ತಿರ ದೂರ ಆಗುತ್ತೆ. ಬಲಗಡೆ ಜಾಸ್ತಿ, ಎಡಗಡೆ ಕಮ್ಮಿ ಅನ್ನೋ ಹಾಗೆ ಅಲ್ಲಲ್ಲಿ ಉಬ್ಬುತ್ತೆ.”

“ಹಾಗಾದರೆ ಮಳೆ.”

“ಏಪ್ರಿಲ್‌ನಲ್ಲಿ? ಎಂಟು ಹಾಡು ಮುಗಿಯೋವರೆಗೂ ಒಂದೇ ಸಮನೆ ಕೋಲಾರ ಜಿಲ್ಲೆಯಲ್ಲಿ ಮಳೆ ಬಂದಿದ್ದರೆ ಪೇಪರಿನಲ್ಲಿ ಬರ್ತಿತ್ತು ಸಾರ್.”

ಅವರು ನಗಲಿಲ್ಲ. ನಾನು ಮುಂದೆ ಹೇಳಬೇಕಾದ್ದನ್ನು ನುಂಗಿಕೊಂಡೆ.

ಅದು ಮಳೆಯಲ್ಲ ಎಂದು ನನಗೆ ಎರಡನೇ ಸಲ ಕೇಳಿದಾಗಲೇ ಗೊತ್ತಾಗಿತ್ತು. ನನ್ನ ತವರು ದೇವರಾಯಸಮುದ್ರ. ಹನ್ನೆರಡು ವರ್ಷ ರೇಷ್ಮೆ ಹುಳದ ಮನೆಗೆ ಅಂಟಿದ ಕೋಣೆಯಲ್ಲಿ ಮಲಗಿದವಳು ನಾನು. ನಾಲ್ಕನೇ ಜ್ವರ ಎದ್ದ ಹುಳ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದದ್ದು, ಹಗಲು ರಾತ್ರಿ ಸೊಪ್ಪು ಮೇಯುತ್ತದೆ. ತಟ್ಟೆ ತಟ್ಟೆಯಲ್ಲಿ ಸಾವಿರಾರು ಹುಳ ಒಟ್ಟಿಗೆ ಹಿಪ್ಪುನೇರಳೆ ಸೊಪ್ಪು ಕಡಿಯುವಾಗ ಬರುವುದು ಈ ಸದ್ದೇ. ಆ ಹನ್ನೆರಡು ವರ್ಷ ನನಗೆ ಅದು ಕೇಳಿಸಿಯೇ ಇರಲಿಲ್ಲ. ಕೋಲಾರದ ಹಾಸ್ಟೆಲಿಗೆ ಸೇರಿ, ಮೊದಲ ರಜೆಗೆ ಊರಿಗೆ ಬಂದ ದಿನ, “ಅಮ್ಮಾ, ಮಳೆ ಬರ್ತಿದೆ, ಬಟ್ಟೆ ತೆಗಿ,” ಎಂದು ಅಂಗಳಕ್ಕೆ ಓಡಿದ್ದೆ. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಹುಳದ ಮನೆಯಲ್ಲಿ ಬಾಳಿದವರಿಗೆ ಅದು ಕೇಳಿಸುವುದಿಲ್ಲ. ಟೇಪು ಮಾಡಿದವರಿಗೂ ಕೇಳಿಸಿಲ್ಲ. ಕೇಳಿಸಿದ್ದರೆ ಬೇರೆ ಜಾಗ ನೋಡಿಕೊಳ್ಳುತ್ತಿದ್ದರು.

ಇನ್ನೂ ಒಂದು ವಿಷಯವಿತ್ತು. ನಾಲ್ಕನೇ ಜ್ವರ ಎದ್ದ ಮೇಲೆ ಹೊರಗಿನವರನ್ನು ಯಾರೂ ಹುಳದ ಮನೆಗೆ ಬಿಡುವುದಿಲ್ಲ. ನನ್ನಮ್ಮ ತನ್ನ ಒಡಹುಟ್ಟಿದ ಅಣ್ಣನನ್ನೇ ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಿದ್ದಳು. ಬೀಡಿಯ ವಾಸನೆ, ಎಣ್ಣೆಯ ವಾಸನೆ, ಯಾವುದೋ ಊರಿನ ಧೂಳು, ಯಾವುದರಿಂದ ಹುಳಕ್ಕೆ ರೋಗ ತಗಲುತ್ತದೋ ಯಾರಿಗೆ ಗೊತ್ತು? ಒಂದು ಬೆಳೆ ಹೋದರೆ ಎರಡು ತಿಂಗಳ ಬೆವರು ತಿಪ್ಪೆಗೆ. ರಿಪೇರಿಯವನೊಬ್ಬನನ್ನು ಅದರೊಳಗೆ ಬಿಡುವುದು ಕನಸಿನ ಮಾತು.

“ಮನೇಲಿ ಹುಳ ಸಾಕ್ತೀರಾ ಸಾರ್?” ಎಂದು ಕೇಳಿದೆ, ಲೋಟ ಕೆಳಗಿಡುತ್ತಾ.

“ನಾನಲ್ಲಪ್ಪ, ನಮ್ಮ ಮನೆಯೋಳು. ಹಿತ್ತಿಲಲ್ಲಿ ಅವಳದ್ದೇ ರಾಜ್ಯ. ನನ್ನ ಸಿಗರೇಟಿನ ಸಲುವಾಗಿ ಮದುವೆಯಾದಾಗಿಂದ ನನಗೆ ಆ ಹೊಸಿಲು ದಾಟೋಕೆ ಪರ್ಮಿಷನ್ ಇಲ್ಲ.” ಈಗ ಮಾತ್ರ ನಕ್ಕರು.

ಇಡೀ ಮನೆಯಲ್ಲಿ ಚನ್ನರಾಯಪ್ಪ ಕಾಲಿಡದ ಜಾಗ ಅದೊಂದೇ. ಅವರ ಕಣ್ಣು ತಪ್ಪಿಸಿ ಅವರ ಪ್ಲೇಟು ಹಾಕಬೇಕೆಂದರೆ ಇನ್ನೆಲ್ಲಿಗೆ ಹೋಗಬೇಕು? ಲೆಕ್ಕ ಕೂಡಿ ಬಂದಾಗ ನನಗೆ ಎಂಥ ಹಿಗ್ಗಾಯಿತೆಂದರೆ, ಕಾಫಿ ಕುಡಿಯುವುದನ್ನೇ ಮರೆತಿದ್ದೆ.

“ಅಮ್ಮನ್ನ ಮಾತಾಡಿಸಿಕೊಂಡು ಹೊರಡ್ತೀನಿ,” ಎಂದು ಎದ್ದೆ.

ಅವರು ಆಗಲೇ ಎಲ್‌ಪಿಯ ಮೊದಲ ಹಾಡಿಗೆ ಸೂಜಿ ಇಳಿಸುತ್ತಿದ್ದರು. ಪ್ಲೇಯರಿನ ಪಕ್ಕದಲ್ಲಿ ಬಟ್ಟೆ ಹೊದಿಸಿದ ಟೇಪ್ ರೆಕಾರ್ಡರೂ ಇತ್ತು. ಅದನ್ನು ನೋಡಿ ಮನಸ್ಸಿನಲ್ಲೇ ತಲೆಯಾಡಿಸಿದೆ. ಎಲ್ಲವೂ ಮನೆಯಲ್ಲೇ ಇದೆ.

ಹಿತ್ತಿಲ ತುದಿಯಲ್ಲಿ ದಪ್ಪ ಮಣ್ಣುಗೋಡೆಯ ಹುಳದ ಮನೆ. ಕಿಟಕಿಗಳಿಗೆ ಒದ್ದೆ ಗೋಣಿ ಇಳಿಬಿಟ್ಟಿದ್ದರು. ಬಾಗಿಲಲ್ಲಿ ನಿಂತು ಕೂಗಿದೆ. ಚನ್ನರಾಯಪ್ಪನವರ ಹೆಂಡತಿ ಅಕ್ಕಯಮ್ಮ ಸೊಪ್ಪಿನ ಬುಟ್ಟಿ ಸೊಂಟಕ್ಕೊತ್ತಿಕೊಂಡು ಬಂದರು. ಅರವತ್ತರ ಸುಮಾರಿನ ಸಣಕಲು ಹೆಂಗಸು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಯಾರ ಮಗಳಮ್ಮಾ ನೀನು?”

“ದೇವರಾಯಸಮುದ್ರದ ದೊಡ್ಡವೆಂಕಟಮ್ಮನ ಮಗಳು. ನಮ್ಮದೂ ಹುಳದ ಮನೆಯೇ.”

“ಅಂಗಾದ್ರೆ ನಿಂಗೇ ಗೊತ್ತಲ್ಲ. ತಲೇಲಿರೋ ಮಲ್ಲಿಗೆ ತೆಗ್ದು ಅಲ್ಲಿ ಗೋಡೆ ಮೇಲಿಕ್ಕು. ಕಾಲು ತೊಳ್ಕೊ.”

ಹೂವು ತೆಗೆದಿಟ್ಟೆ. ಮೊಣಕಾಲವರೆಗೂ ತೊಳೆದುಕೊಂಡೆ. ಒಳಗೆ ಕಾಲಿಟ್ಟೆ.

ಅದೇ ಸದ್ದು. ಅಟ್ಟಣೆಯ ಮೇಲೆ ಸಾಲು ಸಾಲು ತಟ್ಟೆ, ತಟ್ಟೆ ತುಂಬ ಬೆರಳು ಗಾತ್ರದ ಬಿಳಿ ಹುಳ. ಹೊಸ ಸೊಪ್ಪು ಹಾಕಿದ ಬಲಗಡೆ ಜೋರು, ಎಡಗಡೆ ಮೆಲ್ಲಗೆ. ಸ್ಪೇನಿನಲ್ಲಿ ಅಚ್ಚಾಗಿ ಸಮುದ್ರ ದಾಟಿ ಬಂದ ಎಲ್‌ಪಿಯೊಳಗಿನ ಕೋಣೆಯಲ್ಲಿ ನಾನು ನಿಂತಿದ್ದೆ.

ಬಳಸಿ ಮಾತಾಡಲು ನನಗೆ ಬರುವುದಿಲ್ಲ. “ಅಮ್ಮಾ, ಆ ಪ್ಲೇಟುಗಳನ್ನ ಇದೇ ಕೋಣೆಯಲ್ಲಿ ಹಾಕಿ ಟೇಪ್ ಮಾಡಿದ್ದು. ನೀವೇ ಮಾಡಿಸಿದ್ದು,” ಎಂದೆ.

ಅಕ್ಕಯಮ್ಮನ ಕೈ ತಟ್ಟೆಯ ಮೇಲೆ ಹಾಗೇ ನಿಂತಿತು. ಆಮೇಲೆ ಮತ್ತೆ ಸೊಪ್ಪು ಹರಡತೊಡಗಿದರು.

“ಯಾರು ಯೋಳಿದ್ದು?”

“ನಿಮ್ಮ ಹುಳ ಹೇಳ್ತು. ಎಲ್‌ಪಿಯಲ್ಲಿ ಅವು ಮೇಯೋ ಸದ್ದು ಕೇಳಿಸುತ್ತೆ.”

“ಏಂ ಸದ್ದು?” ಎಂದು ಅವರು ಕಿವಿಗೊಟ್ಟರು. ಸುತ್ತಲೂ ಸುರಿಯುತ್ತಿದ್ದ ಆ ಸದ್ದಿನ ನಡುವೆ ನಿಂತು, ನಿಜವಾಗಿಯೂ ಏನೂ ಕೇಳಿಸದೆ ನನ್ನ ಮುಖ ನೋಡಿದರು. ಸುಳ್ಳು ಹೇಳುವವರ ನೋಟ ಅದಲ್ಲ.

“ಅಮ್ಮಾ, ಸೊಣ್ಣಪ್ಪ ಜೈಲಲ್ಲಿದ್ದಾನೆ.”

ಬುಟ್ಟಿ ಕೆಳಗಿಟ್ಟರು. ಗೋಡೆಗೊರಗಿ ನೆಲದ ಮೇಲೆ ಕೂತರು.

“ಗೊತ್ತು ತಲ್ಲಿ. ಅವತ್ತಿಂದ ನಂಗೆ ಅನ್ನ ಇಳೀತಿಲ್ಲ.”

“ಹಾಗಾದರೆ ಯಾಕೆ ಬಾಯಿ ಬಿಡಲಿಲ್ಲ?”

“ಯಾರ ಮುಂದೆ ಬಿಡ್ಲಿ? ಆವಯ್ಯನ ಮುಂದೇನಾ?” ಮನೆಯ ಕಡೆ ಗದ್ದ ಎತ್ತಿ ತೋರಿಸಿದರು. “ಅಯ್ದು ವರ್ಸದಿಂದ ಆ ದೇಸದೋರು ಕಾಗ್ದ ಬರೀತಾನೇ ಇದ್ರು. ಈಯಪ್ಪ ಮೊದ್ಲು ತಾನೇ ಯಾವ್ದೋ ಬುಕ್ಕಿಗೆ ಬರ್ದಿದ್ದು, ನನ್ ಹತ್ರ ಐತೆ ಅಂತ. ಹೆಚ್ಚುಗಾರಿಕೆ. ಅವ್ರು ಕೇಳಿದ್ಮೇಲೆ ಒಂದಕ್ಕೂ ಜವಾಬು ಬರೀಲಿಲ್ಲ. ಕಾಗ್ದ ಬಂದಂಗೆಲ್ಲ ಹಲ್ಲು ಕಚ್ಕೊಂಡು ಪೆಟ್ಗೇಲಿ ತುರುಕೋದು.”

“ನೀವು ನೋಡಿದಿರಾ ಆ ಕಾಗದಗಳನ್ನ?”

“ಒಂದ್ರಾಗೆ ಪೋಟೋ ಇತ್ತು. ಮುದುಕಿ. ಹೆಚ್ಚೂಕಮ್ಮಿ ನನ್ ವಯಸ್ಸಿನೋಳೇ. ಕಪ್ಪು ಸೀಲೆ ತರ ಏನೋ ಹೊದ್ಕೊಂಡು ಕುರ್ಚೀಲಿ ಕೂತವ್ಳೆ. ಓದಿಸ್ದೆ. ಆ ಗಿಟಾರ್ ಬಾರಿಸ್ದೋನ ಮಗಳಂತೆ. ಅವಳು ಎರಡು ವರ್ಸದ ಕೂಸಾಗಿದ್ದಾಗ ಅಪ್ಪ ಸತ್ನಂತೆ. ಒಂದ್ಸಲಾನೂ ಅವನು ಬಾರ್ಸಿದ್ದು ಕೇಳಿಲ್ವಂತೆ. ಸಾಯೋಕ್ಮುಂಚೆ ಕೇಳ್ಬೇಕು, ಕೈ ಮುಗೀತೀನಿ ಅಂತ ಬರ್ಸಿದ್ಳು.” ಸೆರಗಿನಿಂದ ಮೂಗು ಒರೆಸಿಕೊಂಡರು. “ನಮ್ಮಪ್ಪ ಸತ್ತಾಗ ನಂಗೆ ಮೂರು. ಅವನ ಮುಕಾನೂ ನೆಪ್ಪಿಲ್ಲ, ದನೀನೂ ನೆಪ್ಪಿಲ್ಲ. ಯಾರಾದ್ರೂ ಒಬ್ರು ಅವನ ದನೀನ ಟ್ರಂಕಲ್ಲಿ ಮಡಿಕ್ಕೊಂಡವ್ರೆ ಅಂದಿದ್ರೆ ನಾನು ಬೀಗ ಒಡೀತಿದ್ದೆ ಅಮ್ಮಣ್ಣಿ.”

ಮನಸ್ಸು ಕರಗಿತು ಎನ್ನಲು ನನಗೇನೂ ನಾಚಿಕೆಯಿಲ್ಲ. ಆದರೆ ಕೋಲಾರದ ಬೆಂಚಿನ ಮೇಲೆ ಇನ್ನೊಬ್ಬಳು ಕೂತಿದ್ದಳು.

“ಮತ್ತೆ ಪ್ಲೇಟುಗಳು?”

“ಅವತ್ತೇ ವಾಪಸ್ ಟ್ರಂಕಿಗೆ ಹೋದ್ವು. ಆಯಪ್ಪ ಉಂಡು ಮಲಗಿದ್ದಾಗ ದಿಂಬಿನ ಅಡೀಲಿಂದ ಬೀಗದ್ ಕೈ ತಗಂಡಿದ್ದೆ, ಏಳೋ ಹೊತ್ಗೆ ಅಲ್ಲೇ ಇಕ್ಕಿದ್ದೆ. ಆಮೇಲೆ ಹೆಂಗೆ ಹೋದ್ವೋ ದೇವ್ರಾಣೆ ಗೊತ್ತಿಲ್ಲ.”

ಇಷ್ಟು ಸಾಕಿತ್ತು. ಪೊಲೀಸರ ವಾದವೆಲ್ಲ ನಿಂತಿದ್ದು ಒಂದೇ ಕಂಬದ ಮೇಲೆ. ಸೊಣ್ಣಪ್ಪ ಪ್ಲೇಟು ಕದ್ದ, ಟೇಪು ಮಾಡಿದ, ಚನ್ನರಾಯಪ್ಪನವರ ಹೆಸರಲ್ಲಿ ಪರದೇಶಕ್ಕೆ ಮಾರಿದ, ಎಲ್‌ಪಿಯೇ ಅದಕ್ಕೆ ಸಾಕ್ಷಿ. ಟೇಪು ಮಾಡಿದ್ದು ಮನೆಯಾಕೆ ಎಂದು ಗೊತ್ತಾದರೆ ಉಳಿಯುವುದು ಒಂದು ಹರಕು ಲಕೋಟೆ.

“ಸೋಮವಾರ ಕೋರ್ಟಿಗೆ ಬಂದು ಇದನ್ನೇ ಹೇಳಬೇಕು ಅಮ್ಮಾ.”

“ಆಗಲ್ಲ.” ಥಟ್ಟನೆ ಎದ್ದರು. “ನೀನು ಹೋಗು. ನಲವತ್ತು ವರ್ಸದ ಸಂಸಾರ ನಂದು. ಪ್ಲೇಟು ಹೋದಾಗಿಂದ ಆಯಪ್ಪ ನಿದ್ದೇಲಿ ಮಾತಾಡ್ತಾನೆ. ಮೋಸ ಮಾಡ್ದೋಳು ಹೆಂಡ್ತೀನೇ ಅಂತ ಊರ್ಮುಂದೆ ನಿಂತು ಯೋಳ್ಲಾ?”

“ನಿಮ್ಮ ಸಂಸಾರ ಉಳಿಯೋಕೆ ಸೊಣ್ಣಪ್ಪನ ಸಂಸಾರ ಹಾಳಾಗಬೇಕಾ?”

“ಅಮ್ಮಣ್ಣೀ, ಬ್ಯಾಡ.”

“ಅವನ ಅಂಗಡಿ ಖಾಲಿಯಾಗ್ತಿದೆ. ಅವನು ಊಟ ಬಿಟ್ಟು ಮೂರು ದಿನ ಆಯ್ತು. ಆದಿಲಕ್ಷ್ಮಿಗೆ ನೀವೇ ಬಂದು ಹೇಳ್ತೀರಾ, ನನಗೆ ಗೊತ್ತಿತ್ತು, ಸುಮ್ಮನಿದ್ದೆ ಅಂತ?”

ನಾನು ಮೆತ್ತಗೆ ಹೇಳಬಹುದಿತ್ತು. ಹೇಳಲಿಲ್ಲ. ಗೆಲುವು ಬೆರಳ ತುದಿಯಲ್ಲಿದ್ದಾಗ ನನ್ನ ನಾಲಿಗೆಗೆ ಕಡಿವಾಣ ಇರುವುದಿಲ್ಲ, ಅದು ನನ್ನ ಹಳೇ ರೋಗ. ಮನೆಯ ಕಡೆಯಿಂದ ಗಿಟಾರ್ ಸಣ್ಣಗೆ ಕೇಳುತ್ತಿತ್ತು. ಐದು ಬೆರಳೂ ಒಂದರ ಹಿಂದೊಂದು ತಂತಿಯ ಮೇಲೆ ಬೀಳುವ ಆ ಓಟ. ಅಕ್ಕಯಮ್ಮ ಅದಕ್ಕೆ ಕಿವಿಗೊಟ್ಟರು.

“ಬತ್ತೀನಿ,” ಎಂದರು ಕೊನೆಗೆ.

“ಆಮೇಲೆ ಮನಸ್ಸು ಬದಲಾಯಿಸಿದರೆ?”

“ಬತ್ತೀನಿ ಅಂದ್ನಲ್ಲ.”

“ಹುಳದ ಮೇಲೆ ಆಣೆ ಇಡಿ. ಇದ್ದದ್ದು ಇದ್ದ ಹಾಗೆ, ಒಂದೂ ಬಿಡದೆ ಹೇಳ್ತೀನಿ ಅಂತ.”

ಹುಳ ಸಾಕುವವರು ಬೇರೆ ಯಾವ ಆಣೆ ತಪ್ಪಿದರೂ ಬೆಳೆಯ ಮೇಲಿಟ್ಟ ಆಣೆ ತಪ್ಪುವುದಿಲ್ಲ. ಅದು ನನಗೆ ಗೊತ್ತಿತ್ತು, ಅದಕ್ಕೇ ಕೇಳಿದೆ. ಅವರ ಮುಖ ಬಿಳುಪೇರಿತು. ಬಲಗೈಯನ್ನು ತಟ್ಟೆಯ ಮೇಲೆ, ಹುಳಗಳಿಗೆ ತಾಕೀ ತಾಕದ ಹಾಗೆ ಹಿಡಿದರು.

“ಈ ಬೆಳೆ ಮೇಲಾಣೆ. ಒಂದೂ ಬಿಡ್ದೆ ಯೋಳ್ತೀನಿ.”

ನಾನು ಉಸಿರು ಬಿಟ್ಟೆ. ಹತ್ತೊಂಬತ್ತು ದಿನದಲ್ಲಿ ಮೊದಲ ಸಲ ಎದೆ ಹಗುರಾಯಿತು. ಆದಿಲಕ್ಷ್ಮಿಗೆ ಏನೆಂದು ಹೇಳಲಿ, ನರಸಿಂಹಪ್ಪನವರು ಹೇಗೆ ಕಣ್ಣರಳಿಸುತ್ತಾರೆ, ಎಲ್ಲ ಆಗಲೇ ಕಣ್ಣ ಮುಂದೆ ಬರುತ್ತಿತ್ತು. ಚೀಲದಿಂದ ಪುಸ್ತಕ ತೆಗೆದು, ಹೇಳಿಕೆ ಬರೆದುಕೊಳ್ಳಲು ಪೆನ್ನು ಬಿಚ್ಚಿದೆ.

“ಶುರುವಿನಿಂದ ಹೇಳಿ. ಟೇಪ್ ರೆಕಾರ್ಡರ್ ಹಾಲಿನಲ್ಲಿದೆಯಲ್ಲ, ಅದನ್ನ ನೀವು ಇಲ್ಲಿಗೆ ತಂದಿರಿ...”

“ಅಯ್ಯೋ, ಅದ್ರದು ಗುಂಡಿ ಯಾವ್ದು ಅಂತ್ಲೂ ನಂಗೆ ತಿಳೀದು,” ಎಂದರು ಅಕ್ಕಯಮ್ಮ. “ಸೊಣ್ಣಪ್ಪ ತನ್ದೇ ತಂದಿದ್ದ.”

ಪೆನ್ನು ಕಾಗದದ ಮೇಲೆ ನಿಂತಿತು.

“ಯಾರು?”

“ಸೊಣ್ಣಪ್ಪ. ಮೊದ್ಲು ಮಿಷನ್ ನೋಡೋಕೆ ಬಂದಾಗ ಆ ಕಾಗ್ದ ಓದಿದ್ದೂ ಅವ್ನೇ. ನಾನು ಅತ್ತಿದ್ದು ನೋಡಿ, ಅಕ್ಕಾ, ನಾನು ಮಾಡಿಕೊಡ್ತೀನಿ ಬಿಡು ಅಂದ. ಸ್ಪ್ರಿಂಗ್ ಹಾಕೋ ದಿನಾನೇ ಮಾಡಣ, ರಿಪೇರಿ ಟೇಮಲ್ಲಿ ಸದ್ದು ಬಂದ್ರೆ ಯಾರ್ಗೂ ಅನುಮಾನ ಬರಲ್ಲ ಅಂತ ಅವ್ನೇ ಯೋಚ್ನೆ ಮಾಡಿದ್ದು.”

“ಹೊರಗಿನವನನ್ನ... ನಾಲ್ಕನೇ ಜ್ವರದ ಹುಳದ ಹತ್ತಿರ...”

“ಹೊರಗಿನೋನೇನಮ್ಮಾ? ಅಕ್ಕಾ ಅಂತ ಬಾಯ್ತುಂಬ ಕರ್ದೋನು. ಬಾವೀಲಿ ತಲೆಸ್ನಾನ ಮಾಡ್ಸಿ, ನಮ್ಮನೆ ಪಂಚೆ ಉಡ್ಸಿ ಒಳಗೆ ಕರ್ಕಂಡೆ. ಮಿಷನ್ ಅಲ್ಲಿಕ್ಕಿ, ಟೇಪು ಇಲ್ಲಿಕ್ಕಿ, ಎಂಟೂ ಅವ್ನೇ ಹಿಡ್ದ. ಮಳೆ ಸದ್ದು ಬಂದಂಗೈತಲ್ಲಕ್ಕಾ, ಇರ್ಲಿ ಬುಡು, ಬೇರೆ ಜಾಗ ಇಲ್ಲ ಅಂದ. ಯಾವ ಮಳೆ ಅಂತ ನಂಗೆ ಅರ್ತಾನೇ ಆಗ್ಲಿಲ್ಲ. ಮುಳಬಾಗ್ಲು ಪೋಸ್ಟಲ್ಲಿ ಹಾಕಿದ್ದೂ ಅವ್ನೇ.”

ಆ ಪ್ಲೇಟು ನಾನು ಕೈಯಲ್ಲಿ ಮುಟ್ಟಿಲ್ಲ ಎಂದು ಕಂಬಿಯಾಚೆ ನಿಂತು ಹೇಳಿದ ಮುಖ ನೆನಪಾಯಿತು. ಅಕ್ಕಯಮ್ಮನನ್ನು ಕಾಪಾಡಲು ಹೇಳಿದ ಸುಳ್ಳೋ, ತನ್ನನ್ನು ಕಾಪಾಡಿಕೊಳ್ಳಲು ಹೇಳಿದ್ದೋ? ನನಗೆ ತಿಳಿಯಲಿಲ್ಲ. ನಿಜದ ದನಿ ಗೊತ್ತಾಗುತ್ತದೆ ಎಂದು ಬೀಗಿದವಳು ನಾನೇ.

“ಅಮ್ಮಾ,” ಎಂದೆ. “ಪ್ಲೇಟುಗಳನ್ನ ವಾಪಸ್ ಟ್ರಂಕಿಗೆ ಇಟ್ಟದ್ದು... ನೀವೇ ತಾನೇ?”

“ನಾನೆಲ್ಲಿ? ಹುಳಕ್ಕೆ ಸೊಪ್ಪು ಹಾಕೋ ಹೊತ್ತು ಮೀರಿತ್ತು. ಬೀಗದ್ ಕೈ ಅವನಿಗೇ ಕೊಟ್ಟೆ. ಇಕ್ಕಿ ಬಂದೆ ಅಕ್ಕಾ ಅಂದ, ಕೈ ವಾಪಸ್ ಕೊಟ್ಟ.” ಅವರು ಸೊಪ್ಪಿನ ಬುಟ್ಟಿ ಮತ್ತೆ ಸೊಂಟಕ್ಕೆತ್ತಿಕೊಂಡರು. “ನಾನು ತೆಗ್ದು ನೋಡ್ಲಿಲ್ಲ.”

ಆಣೆ ಇಟ್ಟ ಮೇಲೆ ಅವರ ಮುಖದ ಬಿಗಿ ಸಡಿಲವಾಗಿತ್ತು. ಎಷ್ಟೋ ದಿನದ ಭಾರ ಇಳಿಸಿದವರಂತೆ ಮುಂದಿನ ತಟ್ಟೆಗೆ ಸೊಪ್ಪು ಹರಡುತ್ತಾ ನನ್ನ ಕಡೆ ತಿರುಗಿದರು.

“ಯಾಕಮ್ಮಣ್ಣಿ, ಬರ್ಕೊಳ್ದೆ ಕೂತ್ಬುಟ್ಟೆ? ಸೋಮ್ವಾರ ಎಷ್ಟು ಗಂಟೆಗೆ ಬರ್ಲಿ ಅದ್ನಾದ್ರೂ ಯೋಳು.”